ನಮ್ಮನೆಯಲ್ಲಿ ಎಲ್ಲ ಹೆಚ್ಚೈತೆ

ಹೋದ ತಿಂಗಳು ಒಂದು ದಿನ ನಮ್ಮ ಮನೆಯ ಮೂವರೂ ಉಪ್ಪಿಲ್ಲದ, ನೀರು ನೀರಾದ ಸಾರಿನಲ್ಲಿ ಮುದ್ದೆ ಮುರಿದು ನುಂಗಬೇಕಾಯಿತು. ತಪ್ಪು ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ಒಲೆಯ ಮುಂದೆ ಅವ್ವ ಇದ್ದಳು. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಅವ್ವ ಅಡುಗೆಮನೆಯಿಂದ, “ಸುಮಿ, ಉಪ್ಪು ಎಚ್ಚೈತೆ ಕಣವ್ವ” ಎಂದು ಕೂಗಿ ಹೇಳಿ, ಕರಿಬೇವು ಕೀಳಲು ಹಿತ್ತಿಲಿಗೆ ಹೋದಳು. ನನಗೆ ಅದು ಕೇಳಿಸಲಿಲ್ಲ. ನಮ್ಮ ಮನೆಯವರಿಗೆ ಕೇಳಿಸಿತು. ಇವರು ಆಗ ಫೋನಿನಲ್ಲಿ ಸೈಟಿನ ಬ್ರೋಕರನ ಜೊತೆ ಮಾತಾಡುತ್ತಿದ್ದರು. ಒಂದು ಕಿವಿಯಲ್ಲಿ ಚದರಡಿ, ಇನ್ನೊಂದು ಕಿವಿಯಲ್ಲಿ ಉಪ್ಪು. ಅತ್ತೆಗೆ ಸಹಾಯ ಮಾಡೋಣವೆಂಬ ಒಳ್ಳೆಯ ಬುದ್ಧಿಯಿಂದಲೇ ಒಳಗೆ ಹೋಗಿ, ಕುದಿಯುವ ಸಾರಿಗೆ ಒಂದು ಚೊಂಬು ನೀರು ಸುರಿದು ಬಂದರು.

ಅವ್ವ ಹೇಳಿದ್ದು ಡಬ್ಬಿಯಲ್ಲಿ ಉಪ್ಪು ಮುಗಿದಿದೆ ಎಂದು. ಸಾರಿಗೆ ಇನ್ನೂ ಒಂದು ಹರಳೂ ಬಿದ್ದಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ನಾನಿದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವಂತಿಲ್ಲ. ‘ಇಲ್ಲ’ ಎಂದಂತೂ ಬಾಯಿ ತೆರೆಯುವಂತಿಲ್ಲ. ಅಕ್ಕಿ ಹೆಚ್ಚಿದೆ ಎನ್ನಬೇಕು. ಎಣ್ಣೆ, ಬೇಳೆ, ಅರಿಶಿನ, ಕುಂಕುಮ ಎಲ್ಲಕ್ಕೂ ಇದೇ ಮಾತು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಮನೆಯಿಂದ ಹೊರಟವರು ‘ಹೋಗ್ತೀನಿ’ ಎನ್ನದೆ ‘ಬತ್ತೀನಿ’ ಎಂದು ಹೇಳಿ ಹೋಗುತ್ತಾರೆ. ತಲೆಯ ಮೇಲೆ ಸದಾ ಅಸ್ತು ದೇವತೆಗಳು ಓಡಾಡುತ್ತಿರುತ್ತಾರಂತೆ. ನಾವು ‘ಇಲ್ಲ’ ಎಂದ ಗಳಿಗೆಗೆ ಸರಿಯಾಗಿ ಅವರು ‘ಅಸ್ತು’ ಎಂದುಬಿಟ್ಟರೆ ಆ ಮನೆಯಲ್ಲಿ ಮುಂದೆಯೂ ಇಲ್ಲವೇ ಆಗುತ್ತದೆ. ಅವ್ವನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಆದ್ದರಿಂದ ಅವಳದು ‘ಎಚ್ಚೈತೆ’. ಅಷ್ಟರಮಟ್ಟಿಗೆ ಅಸ್ತು ದೇವತೆಗಳೂ ನಮ್ಮ ಹೊಂಗನೂರಿನ ಕಡೆಯ ಕನ್ನಡ ಕಲಿತಿರಬೇಕು.

ಅವ್ವ ಅಣ್ಣನ ಮನೆಯಲ್ಲಿ ಇದ್ದವಳು, ಕಣ್ಣಿನ ಆಪರೇಷನ್ನಿಗೆಂದು ರಾಮನಗರಕ್ಕೆ ಬಂದು ನಮ್ಮಲ್ಲೇ ಉಳಿದುಕೊಂಡಳು. ಇವರಿಗೆ ಅತ್ತೆಯೆಂದರೆ ಗೌರವ, ಆದರೆ ಅತ್ತೆಯ ಭಾಷೆ ಅರ್ಥವಾಗದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಹೆಚ್ಚು ಎಂದರೆ ಹೆಚ್ಚು, ಕಡಿಮೆ ಎಂದರೆ ಕಡಿಮೆ. ಆ ದಿನ ತಟ್ಟೆಯ ಮುಂದೆ ಕೂತು, “ಅತ್ತೆ, ಮುಗಿದಿದ್ರೆ ಮುಗಿದಿದೆ ಅನ್ನಬಹುದಿತ್ತಲ್ಲ” ಎಂದರು. ಅವ್ವ ಕಿವಿ ಮುಚ್ಚಿಕೊಂಡಳು. “ಬುಡ್ತು ಅನ್ನಿ ಅಳಿಯಂದ್ರೆ, ಉಣ್ಣೋ ಒತ್ನಲ್ಲಿ ಎಂಥ ಮಾತಾಡೀರಿ” ಎಂದಳು. ಇವರು ‘ಬಿಡ್ತು’ ಎಂದು ಹೇಳಿ ಸಪ್ಪೆ ಸಾರನ್ನು ಉಂಡರು.

ಈ ಮಾತಿನಿಂದ ನನಗೆ ಬಹಳ ಹಿಂದಿನದೆಲ್ಲ ನೆನಪಾಯಿತು. ಚಿಕ್ಕವಳಿದ್ದಾಗ ನಾವು ಬಹಳ ಸ್ಥಿತಿವಂತರೆಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ನಮ್ಮ ಮನೆಯಲ್ಲಿ ದಿನಕ್ಕೊಂದು ಪದಾರ್ಥ ಹೆಚ್ಚುತ್ತಿತ್ತು. ಇವತ್ತು ಎಣ್ಣೆ ಹೆಚ್ಚಿದರೆ ನಾಳೆ ಬೆಲ್ಲ. ಹಬ್ಬ ಹತ್ತಿರವಾದರಂತೂ ಎಲ್ಲವೂ ಒಟ್ಟಿಗೆ ಹೆಚ್ಚಿಬಿಡುತ್ತಿತ್ತು. ಅಪ್ಪ ಅದನ್ನು ಕೇಳಿ ಯಾಕೆ ತಲೆ ಕೆರೆದುಕೊಳ್ಳುತ್ತಾನೆ ಎನ್ನುವುದು ಮಾತ್ರ ನನಗೆ ಹೊಳೆಯುತ್ತಿರಲಿಲ್ಲ.

ನಮ್ಮೂರ ಶಾಲೆಗೆ ಆಗ ಹೊಸದಾಗಿ ಒಬ್ಬ ಮೇಷ್ಟ್ರು ಬಂದಿದ್ದರು. ಬೇರೆ ಕಡೆಯವರು, ಊರಿನಲ್ಲೇ ಬಾಡಿಗೆಗೆ ಇದ್ದರು. ಒಂದು ದಿನ ಅವರ ಮನೆಗೆ ಹೇಳದೆ ಕೇಳದೆ ನೆಂಟರು ಬಂದರು, ಊರ ಅಂಗಡಿ ಮುಚ್ಚಿತ್ತು. ಮೇಷ್ಟ್ರು ಪಾಠದ ನಡುವೆ ಸಂಕೋಚದಿಂದ, “ಯಾರ ಮನೆಯಲ್ಲಾದರೂ ಅಕ್ಕಿ ಹೆಚ್ಚಿಗೆ ಇದೆಯೇನ್ರೋ?” ಎಂದು ಕೇಳಿದರು. ಆ ದಿನ ಬೆಳಿಗ್ಗೆಯೇ ಅವ್ವ ಅಪ್ಪನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೆನಲ್ಲ, ಎದ್ದು ನಿಂತು ಎದೆಯುಬ್ಬಿಸಿ, “ನಮ್ಮನೇಲಿ ಎಚ್ಚೈತೆ ಸಾ” ಎಂದೆ. ಸಂಜೆ ಮೇಷ್ಟ್ರು ಕೈಚೀಲ ಹಿಡಿದು ನಮ್ಮ ಜಗಲಿಯ ಮುಂದೆ ನಿಂತಿದ್ದರು.

“ಮಗು ಹೇಳ್ತಮ್ಮ, ನಿಮ್ಮಲ್ಲಿ ಅಕ್ಕಿ ಹೆಚ್ಚಿಗೆ ಇದೆಯಂತೆ. ಎರಡು ಸೇರು ಕೊಟ್ಟಿದ್ರೆ ಸಂತೆ ದಿನ ವಾಪಸ್ ತಂದುಕೊಡ್ತಿದ್ದೆ.”

ಅವ್ವ ನನ್ನ ಮುಖವನ್ನು ಒಂದು ಸಲ ನೋಡಿದಳು. “ಕೂತ್ಕಳಿ ಮೇಷ್ಟ್ರೆ, ಬಿಸ್ಲಲ್ಲಿ ಬಂದಿದೀರಿ” ಎಂದು ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಹಿತ್ತಿಲ ಬಾಗಿಲಿನಿಂದ ಪಕ್ಕದ ಕೆಂಪಮ್ಮನ ಮನೆಗೆ ಹೋಗಿ ಅಕ್ಕಿ ತಂದು, ನಮ್ಮ ಮೊರದಲ್ಲೇ ಒಂದು ಸಲ ಕೇರಿ, ಮೇಷ್ಟ್ರ ಚೀಲಕ್ಕೆ ಸುರಿದಳು. ಕಲ್ಲು ಆರಿಸ್ಕಳಿ, ತಪ್ಪು ತಿಳ್ಕಬೇಡಿ ಎಂದೂ ಹೇಳಿದಳು. ಮೇಷ್ಟ್ರು ಕೈಮುಗಿದು ಹೋದರು. ನಾನು ಕಂಬದ ಹಿಂದೆ ಅಡಗಿ ನಿಂತು ಏಟಿಗಾಗಿ ಕಾಯುತ್ತಿದ್ದೆ. ಏಟು ಬೀಳಲಿಲ್ಲ. ಅವ್ವನ ಮುಖ ಅರಳಿತ್ತು. “ನಮ್ಮನೆಗೂ ಅಕ್ಕಿ ಕೇಳ್ಕಂಡ್ ಬಂದ್ರಲ್ಲ” ಎಂದು ಅಪ್ಪನಿಗೆ ಹೇಳುವಾಗ ಅವಳ ದನಿಯಲ್ಲಿ ಸಡಗರವಿತ್ತು. ಅಂದು ರಾತ್ರಿ ಎಂದಿನಂತೆ ಮುದ್ದೆ, ಹುರುಳಿಕಾಳಿನ ಸಾರು.

ಈಗ ನನ್ನ ವೃತ್ತಿಯ ಕಣ್ಣಿನಿಂದ ನೋಡಿದರೆ ಆ ವ್ಯವಹಾರದಲ್ಲಿ ನಮಗೆ ಶುದ್ಧ ನಷ್ಟ. ಆದರೂ ಅವ್ವ ಆ ವಾರವೆಲ್ಲ ಹಾಡು ಗುನುಗುತ್ತಲೇ ಹುಳುವಿಗೆ ಸೊಪ್ಪು ಹಾಕಿದಳು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಮನೆಯೊಳಗೆ ಹುಳುಗಳಿಗೆ ಜಾಗ ಬಿಟ್ಟು ಮಿಕ್ಕ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಅಪ್ಪ ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಮಾರಿ ಬಂದ ದಿನ ಎದುರಿಗೆ ಸಿಕ್ಕವರೆಲ್ಲ, “ಎಂಗಾಯ್ತ್ಲಾ ರೇಟು?” ಎಂದು ಕೇಳುವರು. ಅಪ್ಪ, “ಪರ್ವಾಗಿಲ್ಲ ಕಣ್ಲಾ” ಎನ್ನುವನು. ರೇಟು ಏರಿದ್ದರೂ ಪರವಾಗಿಲ್ಲ, ಬಿದ್ದಿದ್ದರೂ ಪರವಾಗಿಲ್ಲ. ನಿಜವಾದ ರೇಟು ಅವನ ಚೀಲ ನೋಡಿದರೆ ನಮಗೆ ಗೊತ್ತಾಗುತ್ತಿತ್ತು: ಏರಿದ ದಿನ ಚೀಲದಲ್ಲಿ ಮೈಸೂರುಪಾಕು, ಬಿದ್ದ ದಿನ ಬನ್ನು. ನಮಗೆ ಬನ್ನೂ ಇಷ್ಟವೇ ಆಗಿತ್ತು, ಆದ್ದರಿಂದ ಮಾರುಕಟ್ಟೆಯ ಏರಿಳಿತ ನಮ್ಮ ಬಾಯಿಯವರೆಗೆ ಬರಲಿಲ್ಲ.

ಇಂಥ ಮನೆಯಲ್ಲಿ ಬೆಳೆದವಳು ಹೋಗಿ ಹೋಗಿ ಅರ್ಥಶಾಸ್ತ್ರ ಓದಿದೆ. ಆ ಶಾಸ್ತ್ರದ ಮೊದಲ ಪಾಠವೇ ಕೊರತೆ. ಮನುಷ್ಯನ ಬಯಕೆಗಳು ಅಪಾರ, ಸಾಧನಗಳು ಮಿತ. ಚನ್ನಪಟ್ಟಣದ ಕಾಲೇಜಿನಲ್ಲಿ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒರಟಾಗಿದೆ. ಬೆಳಿಗ್ಗೆ ರೈಲು, ಸಂಜೆ ರೈಲು. ಮಧ್ಯಾಹ್ನದ ಊಟವಾದ ಮೇಲೆ ನನ್ನ ತರಗತಿ. ಅರ್ಧ ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿರುತ್ತಾರೆ. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ, ಅವಕಾಶ ಸಿಕ್ಕರೆ ನಾನೂ ಅದನ್ನೇ ಮಾಡುತ್ತೇನೆ. ಮೊನ್ನೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಹೇಳುತ್ತಿದ್ದೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮೊದಲನೆಯ ಮಾವಿನ ಹಣ್ಣು ಕೊಟ್ಟಷ್ಟು ಖುಷಿಯನ್ನು ಎರಡನೆಯದು ಕೊಡುವುದಿಲ್ಲ, ಮೂರನೆಯದು ಇನ್ನೂ ಕಡಿಮೆ, ಕೊನೆಗೆ ಹಣ್ಣು ಕಂಡರೆ ವಾಕರಿಕೆ ಬರುತ್ತದೆ, ಇಷ್ಟೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಎಷ್ಟನೇ ಹಣ್ಣಿಗೆ ಸಾಕು ಅನ್ಸುತ್ತೆ ಅಂತ ಬರೀಬೇಕು? ಎರಡು ಮಾರ್ಕ್ಸಿಗೆ ಕೇಳಿದ್ರೆ?” ಎಂದಳು. ಅದು ಅವರವರಿಗೆ ಬಿಟ್ಟದ್ದು ಎಂದೆ. “ಅಂಗಂದ್ರೆ ಸಿಲಬಸ್ಸಲ್ಲಿ ಇಲ್ಲ ಬುಡಿ” ಎಂದು ಕೂತಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ರೈಲಿನಲ್ಲಿ ಬರುವಾಗ ನಗು ಬರಲಿಲ್ಲ.

ಯಾಕೆಂದರೆ ಅದೇ ಸಮಯದಲ್ಲಿ ನಮ್ಮ ಮನೆಯಲ್ಲಿ ಎರಡನೆಯ ಮಾವಿನ ಹಣ್ಣಿನ ವಿಚಾರ ನಡೆಯುತ್ತಿತ್ತು. ಇರುವ ಮನೆ ನಮ್ಮದೇ. ಇವರಿಗೆ ಬಿಡದಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ, ನನಗೆ ಕಾಲೇಜು, ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಸಾಲದೆ ಕೆಂಗಲ್ ಹತ್ತಿರ ಒಂದು ಸೈಟು ಕೊಳ್ಳಬೇಕೆಂದು ಇವರು ಹಟ ಹಿಡಿದಿದ್ದರು. ಅದಕ್ಕೆ ಕಂತು ಕಟ್ಟಲು ದಾರಿಯನ್ನೂ ಇವರೇ ಹುಡುಕಿದ್ದರು. ಬೆಂಗಳೂರಿನ ಒಂದು ಕೋಚಿಂಗ್ ಸೆಂಟರಿನವರು ಭಾನುವಾರಗಳಂದು ಪಾಠ ಮಾಡಲು ನನ್ನನ್ನು ಕರೆಯುತ್ತಿದ್ದರು. ಬೆಳಗಿನ ರೈಲಿಗೆ ಹೋದರೆ ಕತ್ತಲಾದ ಮೇಲೆ ಬರುವುದು. ದುಡ್ಡು ಚೆನ್ನಾಗಿಯೇ ಕೊಡುತ್ತಾರೆ. ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಬೆಲೆಯ ಜಾಗದಲ್ಲಿ ನಾನು ರಿಟೈರ್ ಆಗುವವರೆಗಿನ ಭಾನುವಾರಗಳನ್ನೆಲ್ಲ ಇಡಬೇಕು, ಅಷ್ಟೇ.

ಇವರನ್ನು ಆಸೆಬುರುಕರೆಂದು ತಿಳಿಯಬೇಡಿ. ಇವರ ತಂದೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಸಾಗಿಸುತ್ತಲೇ ಮುದುಕರಾದವರು. ಯಾವ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲವಂತೆ. ಅದಕ್ಕೇ ಇವರು ನಮ್ಮ ಮನೆಯ ಗೋಡೆಯ ತುಂಬ ಮೊಳೆ ಹೊಡೆದಿದ್ದಾರೆ, ತೂಗುಹಾಕಲು ಏನೂ ಇಲ್ಲದ ಕಡೆಯೂ. ಒಂದು ಮನೆ ಇದ್ದರೂ ರಾತ್ರಿ ಕನಸಿನಲ್ಲಿ ಯಾರೋ ಖಾಲಿ ಮಾಡಿ ಎನ್ನುತ್ತಾರಂತೆ. ಭಯಕ್ಕೆ ಸೈಟು ಮದ್ದು ಎಂದು ಇವರು ನಂಬಿದ್ದರು. ಆ ಭಯವನ್ನು ನೋಡಿ ನನಗೆ ಇವರ ಮೇಲೆ ಸಿಟ್ಟು ಬರುವುದಿಲ್ಲ, ಬರಬೇಕಾದ ಕಡೆಯೂ ಬರುವುದಿಲ್ಲ, ಅದೇ ತೊಂದರೆ.

ಸೈಟು ನೋಡಲು ಅವ್ವನನ್ನೂ ಕರೆದುಕೊಂಡು ಹೋದೆವು. ಕೆಂಗಲ್ ಆಂಜನೇಯನಿಗೆ ಕೈಮುಗಿದು ಒಳದಾರಿ ಹಿಡಿದರೆ ದೊಡ್ಡದೊಂದು ಕಮಾನು. ಅದರಾಚೆಗೆ ಕಲ್ಲು ನೆಟ್ಟ ಬಯಲು. ಬ್ರೋಕರ್ ಪುಟ್ಟರಾಜು ಬಿಳಿ ಅಂಗಿ ತೊಟ್ಟು ನಿಂತಿದ್ದ.

“ಬಾಗ್ಲು ಬೋ ಚೆಂದಾಗೈತೆ ಕಣಪ್ಪ,” ಎಂದಳು ಅವ್ವ. “ಮನೆ ಎಲ್ಲೈತೆ?”

“ಮನೆ ಇಲ್ಲ ಅಜ್ಜಿ, ಇದು ಲೇಔಟು. ಮೊದ್ಲು ಇಲ್ಲಿ ಇಪ್ಪುನೇರಳೆ ಬೆಳೀತಿದ್ರು. ಈಗ ರೇಟ್ ಬೆಳೀತೈತೆ.”

“ವಾಸ ಮಾಡೋರು ಯಾರಪ್ಪ?”

“ವಾಸ ಯಾಕಜ್ಜಿ? ತಕ್ಕಂಡು ಬುಟ್ಬುಡೋದು. ಇನ್ವೆಸ್ಟ್‌ಮೆಂಟು.”

ಅವ್ವ ತಲೆಯಾಡಿಸಿದಳು. ಅವಳಿಗೆ ಕಮಾನು ನಿಜವಾಗಿಯೂ ಇಷ್ಟವಾಗಿತ್ತು. ಬರುವಾಗ ದಾರಿಯುದ್ದಕ್ಕೂ ಅದರ ಮೇಲಿನ ಸಿಮೆಂಟಿನ ಹಂಸಗಳ ಬಗ್ಗೆಯೇ ಮಾತಾಡಿದಳು. ಇವರು ಕಾರು ಓಡಿಸುತ್ತ, “ಏನಂತೀಯ ಸುಮಿ? ಭಾನುವಾರ ಮ್ಯಾನೇಜ್ ಆಗುತ್ತಲ್ಲ?” ಎಂದು ಕೇಳಿದರು. ನಾನು, “ನೋಡೋಣ” ಎಂದೆ. ‘ಆಗುವುದಿಲ್ಲ’ ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ಅಲ್ಲಿಂದ ಈಚೆಗೆ ಬರಲಿಲ್ಲ. ಇಲ್ಲ ಎನ್ನದ ಮನೆಯಲ್ಲಿ ಬೆಳೆದವರಿಗೆ ಇದೊಂದು ಅಂಗವೈಕಲ್ಯ ನೋಡಿ. ಪ್ರಿನ್ಸಿಪಾಲರು ಹೆಚ್ಚಿನ ಕೆಲಸ ಕೊಟ್ಟರೆ ‘ಆಗಲಿ ಸಾರ್’, ಸಂಘದವರು ಭಾಷಣಕ್ಕೆ ಕರೆದರೆ ‘ಪ್ರಯತ್ನಿಸ್ತೀನಿ’, ಗಂಡ ಭಾನುವಾರ ಕೇಳಿದರೆ ‘ನೋಡೋಣ’. ನೋಡೋಣ ಎಂದರೆ ಒಪ್ಪಿದ ಹಾಗೆ ಎಂದು ಇವರೂ ತಿಳಿದುಕೊಂಡರು. ಅದರಲ್ಲಿ ಇವರ ತಪ್ಪೇನಿದೆ?

ದಣಿವು ಎಂದರೆ ಏನೆಂದು ಈಚೆಗೆ ನನಗೆ ಚೆನ್ನಾಗಿ ಗೊತ್ತಾಗಿದೆ. ಮೈ ನೋವಲ್ಲ ಅದು, ಅದಕ್ಕೆ ಬಿಸಿನೀರು ಸಾಕು. ಸಂಬಳದ ದಿನ ಫೋನು ಟಿಣ್ ಎನ್ನುತ್ತದೆ, ಬಂತು. ಮತ್ತೆ ಟಿಣ್, ಹೋಯಿತು. ನೀರು ಕುಡಿಯುವಷ್ಟು ಹೊತ್ತೂ ದುಡ್ಡು ನಮ್ಮಲ್ಲಿ ನಿಲ್ಲುವುದಿಲ್ಲ. ಹಾಗಂತ ನಾವು ಬಡವರೇ? ಖಂಡಿತ ಅಲ್ಲ. ಫ್ರಿಜ್ಜಿನಲ್ಲಿ ಮೂರು ಬಗೆಯ ಉಪ್ಪಿನಕಾಯಿ ಇದೆ. ಅಪ್ಪನ ಬನ್ನಿನ ಕಾಲಕ್ಕೆ ಹೋಲಿಸಿದರೆ ನಾನು ರಾಣಿ. ರಾಣಿ ಸಂಜೆ ಮನೆಗೆ ಬಂದು ಚೀಲ ಕೆಳಗಿಟ್ಟರೆ ಒಂದು ಮಾತಾಡುವ ಚೈತನ್ಯವಿರುವುದಿಲ್ಲ. ಅವ್ವ ಏನೋ ಹೇಳುತ್ತಿರುತ್ತಾಳೆ, ನಾನು ‘ಹೂಂ’ ಎನ್ನುತ್ತಿರುತ್ತೇನೆ. ಭಾನುವಾರ ಒಂದು ದಿನ ಮಾತ್ರ ನನ್ನ ‘ಹೂಂ’ಗೆ ಅರ್ಥವಿರುತ್ತದೆ.

ಪಕ್ಕದ ಮನೆಯ ಶಾಹಿದಾಗೆ ಈ ಉಪ್ಪಿನ ಕತೆ ಹೇಳಿದೆ. ಅವರದು ರೇಷ್ಮೆ ನೂಲು ತೆಗೆಯುವ ಕುಟುಂಬ. ಗೂಡು ಬೇಯಿಸುವ ವಾಸನೆ ನಮ್ಮ ಬೀದಿಯ ಗುರುತು. ಕಾಂಪೌಂಡಿನ ಆಚೆಯಿಂದ ಅವಳು ನಕ್ಕು, “ನಮ್ದೂಕೆ ಅಂಗೇ ಅಕ್ಕ. ನಮ್ಮ ದಾದಿ ಇದ್ರಲ್ಲ, ಅಪ್ಪನ ಅಮ್ಮ, ಅಂಗಡಿ ಬಾಗ್ಲು ಹಾಕಿ ಅನ್ನಲ್ಲ, ದುಕಾನ್ ಬಢಾವ್ ಅನ್ನೋರು. ಅಂಗಡಿ ಜಾಸ್ತಿ ಮಾಡು ಅಂತ ಅರ್ಥ” ಎಂದಳು. ಆಮೇಲೆ, “ನಮ್ಮೋರು ಹಿಂದ್ಗಡೆ ಶೆಡ್ಡಲ್ಲಿ ಕೆಲಸ ನಿಲ್ಲಿಸಿಬಿಟ್ರು. ಈಗ ಮುಂದ್ಗಡೆದು ಒಂದೇ. ನಾನೂ ಯಾರಾದ್ರೂ ಕೇಳಿದ್ರೆ ಬಢಾ ದಿಯಾ ಅಂತೀನಿ” ಎಂದಳು. ಅವಳು ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಇಷ್ಟರಲ್ಲಿ ಅವ್ವನ ಮಾತ್ರೆಯ ಪ್ರಸಂಗ ನಡೆಯಿತು. ಅವಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದ ಸಂಜೆ, ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಕೋಚಿಂಗ್ ಸೆಂಟರಿನವರ ಫೋನು ಬಂತು. ನಾನು ಹೊರಗೆ ನಿಂತೆ, ಅವ್ವ ಒಬ್ಬಳೇ ಒಳಗೆ ಹೋದಳು. ಆಮೇಲೆ ಡಾಕ್ಟರೇ ಹೇಳಿದ್ದು ಇದು. ಹೇಗಿದ್ದೀರಜ್ಜಿ ಎಂದು ಕೇಳಿದ್ದಕ್ಕೆ ಅವ್ವ, “ಬಿಪೀದು ಎಚ್ಚೈತೆ ಬುದ್ಧಿ” ಎಂದಿದ್ದಾಳೆ. ಬಿಪಿಯ ಮಾತ್ರೆ ಮುಗಿದಿದೆ ಎಂದು ಅವಳ ಅರ್ಥ. ಡಾಕ್ಟರು ಪಟ್ಟಿ ಕಟ್ಟಿ ನೋಡಿದರೆ ಬಿಪಿ ನಿಜವಾಗಿಯೂ ಹೆಚ್ಚಿತ್ತು, ಮಾತ್ರೆ ನಿಂತು ಬಹಳ ದಿನವಾಗಿತ್ತಲ್ಲ. ಹಳೆಯ ಮಾತ್ರೆ ಸಾಲುತ್ತಿಲ್ಲ ಎಂದುಕೊಂಡು ಅವರು ಜೋರಾದದ್ದೊಂದನ್ನು ಅದರ ಜೊತೆಗೆ ಬರೆದುಕೊಟ್ಟರು. ನಾನು ಎರಡನ್ನೂ ಕೊಂಡು ತಂದೆ.

ಅವ್ವ ಶ್ರದ್ಧೆಯಿಂದ ಎರಡನ್ನೂ ನುಂಗಿದಳು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತವಳು ಏಳಲೇ ಇಲ್ಲ. ನಾನು ಓಡಿಹೋಗಿ ಹಿಡಿದುಕೊಂಡರೆ ಮೈಯೆಲ್ಲ ಬೆವರು. “ಬೂಮಿ ತಿರುಗ್ತಾ ಐತೆ ಕಣವ್ವ, ಒಸಿ ಇಡ್ಕೊ” ಎಂದಳು. ಆಟೋದಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಾಗ ನನಗಾದ ಹೆದರಿಕೆಯನ್ನು ನಗೆಯಾಡಿ ಹೇಳಲು ನನಗೆ ಬರುವುದಿಲ್ಲ. ಡಾಕ್ಟರು ಅವಳ ಕೈಚೀಲ ಬರಿದು ಮಾಡಿದಾಗ ಖಾಲಿ ಮಾತ್ರೆಯ ಹಾಳೆಗಳು ಬಿದ್ದವು. ಅವ್ವ ಮಾತ್ರೆ ಮುಗಿದ ಹಾಳೆಯನ್ನೂ ಬಿಸಾಡುವವಳಲ್ಲ. ಅವರು ವಿಷಯ ತಿಳಿದು ನಕ್ಕರು. “ಅಜ್ಜಿ ಹೇಳಿದ್ದೂ ಸರಿ, ನಾನು ಕೇಳಿಸಿಕೊಂಡಿದ್ದೂ ಸರಿ ಮೇಡಂ. ಹಳೆ ಮಾತ್ರೆ ಒಂದೇ ಸಾಕು” ಎಂದರು. ಅವ್ವ ಸಂಜೆಯ ಹೊತ್ತಿಗೆ ಚೇತರಿಸಿಕೊಂಡು ಗಂಜಿ ಕುಡಿದಳು.

“ಮಾತ್ರೆ ಮುಗಿದಿದೆ ಅಂತ ನನಗೆ ಯಾಕವ್ವ ಹೇಳಲಿಲ್ಲ?” ಎಂದು ಕೇಳಿದೆ.

“ಯೋಳ್ದೆ ಕಣವ್ವ. ಎಚ್ಚೈತೆ ಅಂತ ಅವತ್ತೇ ಯೋಳ್ದೆ. ನೀನು ಹೂಂ ಅಂದೆ.”

“ಇಲ್ಲ ಅನ್ನಬಾರದಿತ್ತಾ?”

“ಆಯಸ್ಸಿನ್ ಇಚಾರ ಕಣ್ ಮಗ. ಅದ್ನೆಂಗೆ ಅಂಗನ್ನದು?”

ನಮ್ಮ ಮನೆಯವರು ಈ ಪ್ರಸಂಗದಿಂದ ಬಹಳ ಎಚ್ಚರಗೊಂಡರು. ಅಂದಿನಿಂದ ಅತ್ತೆ ಏನಾದರೂ ಹೆಚ್ಚಿದೆ ಎಂದರೆ ಸಾಕು, ಚೀಲ ಹಿಡಿದು ಅಂಗಡಿಗೆ ಓಡುತ್ತಾರೆ. ಉಪ್ಪು, ಎಣ್ಣೆ, ಮಾತ್ರೆ, ಗ್ಯಾಸು, ಹೀಗೆ ಅಂಗಡಿಯಲ್ಲಿ ಸಿಗುವ ಎಲ್ಲಕ್ಕೂ ಈ ವ್ಯಾಕರಣವನ್ನು ಕಲಿತುಬಿಟ್ಟರು. ಅಂಗಡಿಯಲ್ಲಿ ಸಿಗದ ಪದಾರ್ಥಗಳಿಗೂ ಅದು ಅನ್ವಯಿಸುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕೋಚಿಂಗ್ ಸೆಂಟರಿನವರು ಸೋಮವಾರದೊಳಗೆ ಹೇಳಿ ಎಂದಿದ್ದರು. ಪುಟ್ಟರಾಜು ಭಾನುವಾರವೇ ಒಳ್ಳೆಯ ದಿನ, ಅಡ್ವಾನ್ಸ್ ಕೊಟ್ಟುಬಿಡಿ ಎಂದಿದ್ದ. ಹೀಗಾಗಿ ಮೊನ್ನೆಯ ಭಾನುವಾರ ನನ್ನ ಪಾಲಿಗೆ ಉಳಿದ ಕೊನೆಯ ಭಾನುವಾರದ ಹಾಗೆ ಕಾಣುತ್ತಿತ್ತು. ಮಾಗಡಿಯ ಅವರೆಕಾಯಿ ಬಂದಿದ್ದ ಕಾಲ. ನೆನೆಹಾಕಿದ ಕಾಳನ್ನು ನಡುವೆ ಇಟ್ಟುಕೊಂಡು ನಾನೂ ಅವ್ವನೂ ನಡುಮನೆಯಲ್ಲಿ ಹಿಸುಕುತ್ತ ಕೂತಿದ್ದೆವು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಕೈಗೆ ಕೆಲಸವಿದ್ದು ತಲೆಗೆ ಇಲ್ಲದ ಇಂಥ ಹೊತ್ತು ನನಗೆ ಸಿಕ್ಕುವುದು ವಾರಕ್ಕೊಮ್ಮೆ. ಅವ್ವ ಕೆಂಪಮ್ಮನ ಸೊಸೆಯ ವಿಚಾರ ಹೇಳಿದಳು, ಕಣ್ಣಿನ ಪೊರೆಯ ವಿಚಾರ ಹೇಳಿದಳು. ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಇವರು ಒಳಗೆ ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದರು.

ಅವ್ವ ನನ್ನ ಮುಖ ನೋಡದೆ, ಕಾಳು ಹಿಸುಕುತ್ತಲೇ ಕೇಳಿದಳು. “ಸುಮಿ, ಸುಕವಾಗಿದೀಯೇನವ್ವ?”

ಮದುವೆ ಮಾಡಿಕೊಟ್ಟ ಮಗಳನ್ನು ನಮ್ಮ ಕಡೆ ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ ಅದು. ಹೂಂ ಎನ್ನುವುದು ವಾಡಿಕೆ. ನನ್ನ ಬಾಯಿ ಹೂಂ ಎನ್ನಲು ಸಿದ್ಧವಾಗಿಯೂ ಇತ್ತು. ಆದರೆ ಆ ದಿನ ನನಗೆ ಬಹಳ ದಣಿವಾಗಿತ್ತು. ಇಲ್ಲ ಎನ್ನಲು ಬರುವುದಿಲ್ಲವಲ್ಲ, ನನಗೆ ಗೊತ್ತಿದ್ದ ಬೇರೆ ಮಾತು ಒಂದೇ ಇತ್ತು.

“ಎಚ್ಚೈತೆ ಕಣವ್ವ” ಎಂದೆ.

ಕಾಲೇಜಿನಲ್ಲಿ ಜೋಪಾನವಾಗಿ ಉಚ್ಚರಿಸುವ ಹಕಾರ ನನ್ನ ಬಾಯಿಂದಲೂ ಬಿದ್ದುಹೋಗಿತ್ತು. ಅವ್ವನ ಕೈ ನಿಂತಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಪೊರೆ ತೆಗೆಸಿದ ಕಣ್ಣು, ಈಗ ಚೆನ್ನಾಗಿ ಕಾಣಿಸುತ್ತದೆ.

ಅಷ್ಟರಲ್ಲಿ ಇವರು ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಿದ್ದರು. ನನ್ನ ಮಾತು ಇವರಿಗೂ ಕೇಳಿಸಿತ್ತು. ಮುಖದಲ್ಲಿ ಎಷ್ಟು ಸಂತೋಷ. “ಕೇಳಿದ್ರಾ ಅತ್ತೆ? ಸುಖ ಹೆಚ್ಚಿದೆ ಅಂತ ಅವಳೇ ಹೇಳ್ತಿದಾಳೆ. ಅವಳಿಗೆ ಕಷ್ಟ ಆಗುತ್ತೇನೋ ಅಂತ ನೀವು ಸುಮ್ನೆ ಯೋಚನೆ ಮಾಡ್ತೀರ. ನಾನು ಹೋಗಿ ಅಡ್ವಾನ್ಸ್ ಕೊಟ್ಟು ಬಂದ್ಬಿಡ್ತೀನಿ” ಎಂದರು.

“ಅಳಿಯಂದ್ರೆ, ಒಸಿ ನಿಂತ್ಕಳಿ” ಎಂದಳು ಅವ್ವ.

ಇವರು ನಿಂತರು. ಅವ್ವ ಕೈಗೆ ಅಂಟಿದ ಸಿಪ್ಪೆಯನ್ನು ಒರೆಸಿಕೊಂಡಳು. ಒಂದು ಸಲ ಸೂರಿನ ಕಡೆ ನೋಡಿದಳು, ಅಲ್ಲಿ ಯಾರಾದರೂ ಓಡಾಡುತ್ತಿದ್ದಾರೋ ಎನ್ನುವ ಹಾಗೆ. ಆಮೇಲೆ ಹೇಳಿದಳು.

“ಇಲ್ಲ ಅಂತಾವ್ಳೆ ಕಣಪ್ಪ. ನನ್ ಮಗಳಿಗೆ ಸುಕ ಇಲ್ವಂತೆ. ಇಲ್ಲ.”

ಹುಟ್ಟಿದಂದಿನಿಂದ ಅವಳ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ಹೇಳಿ ಮುಗಿಸಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇವರು ನನ್ನ ಕಡೆ ನೋಡಿದರು. ನಾನು ಅವರೆಕಾಳಿನ ಮೇಲಿಟ್ಟ ಕಣ್ಣನ್ನು ಎತ್ತಲಿಲ್ಲ. ಇವರು ಹೊಸಿಲ ಆಚೆ ಚಪ್ಪಲಿ ಬಿಟ್ಟು ಒಳಗೆ ಬಂದರು.